ಅಕ್ಕನ ಕೆನ್ನೆಗೆ ಹಾಕಿಸಿದ ದಾರ

ಅಮ್ಮನಿಗೆ ಮರೆವು ಹತ್ತಿದ ಮೇಲೆ ಅಕ್ಕನ ಕೈಯ ಊಟವೆಂದರೆ ಭಯ. ವಯಸ್ಸಾಗುತ್ತಾ ಅಕ್ಕನ ಕೆನ್ನೆ ಜೋತು, ಬಾಯಿಯ ಎರಡೂ ಕಡೆ ಗೆರೆ ಬಿದ್ದು, ಅವಳು ಥೇಟ್ ನಮ್ಮ ಅಪ್ಪನ ತಾಯಿಯ ಹಾಗೆ ಕಾಣತೊಡಗಿದ್ದಳು. ಅಮ್ಮನನ್ನು ಹಿಂಡಿ ಹಿಪ್ಪೆ ಮಾಡಿದ ಅತ್ತೆ ಅದು. ಅಕ್ಕ ಮುದ್ದೆ ಮುರಿದು ಬಾಯಿಗಿಟ್ಟರೆ ಅಮ್ಮ ಗೋಡೆಗೆ ಒತ್ತಿಕೊಂಡು, "ತಪ್ಪಾಯ್ತು ಅತ್ತೆ, ಹೊಡೀಬ್ಯಾಡಿ" ಎನ್ನುತ್ತಿದ್ದಳು. ನಾನು ಕನಕಪುರದಿಂದ ಬಂದು ತಿನ್ನಿಸಿದರೆ ಮಾತ್ರ ನಾಲ್ಕು ತುತ್ತು ಒಳಗೆ ಹೋಗುತ್ತಿತ್ತು. ದಿನಾ ಬರುವುದು ಎಲ್ಲಿ ಸಾಧ್ಯ? ಅಮ್ಮ ಕಣ್ಣೆದುರೇ ಸೊರಗುತ್ತಿದ್ದಳು.

ಬಿಡದಿ ಕಡೆಯ ಹೊಲಗಳು ಫ್ಯಾಕ್ಟರಿಗಳಾಗುತ್ತಿದ್ದ ಕಾಲ. ಅಮ್ಮ, ಅಕ್ಕ ಇದ್ದ ರಾಮನಗರದಲ್ಲೂ ಬ್ಯೂಟಿ ಪಾರ್ಲರ್‌ಗಳು ನಾಯಿಕೊಡೆಗಳ ಹಾಗೆ ಎದ್ದಿದ್ದವು. ಅಲ್ಲಿ ಯಾರೋ ಅಕ್ಕನ ಕಿವಿಗೆ ಊದಿದರು: ಬೆಂಗಳೂರಿನಲ್ಲಿ ಕುಯ್ಯದೆಯೇ, ಚರ್ಮದೊಳಗೆ ದಾರ ತೂರಿಸಿ ಜೋತ ಮುಖ ಎತ್ತುತ್ತಾರಂತೆ.

"ಅಮ್ಮುನ್ಗೋ, ಕನ್ನಡೀಗೋ?" ಎಂದು ಕೇಳಿಯೇಬಿಟ್ಟೆ.

"ಎಲ್ಡಕ್ಕೂವೆ. ಏನೀಗ?" ಎಂದಳು ಅಕ್ಕ.

ನನ್ನ ಗುಮಾನಿ ಹೋಗಲಿಲ್ಲ. ಬೆಂಗಳೂರಿಗೆ ಜೊತೆಗೆ ಹೋದೆ. ದಾರ ಹಾಕುವ ಆ ಡಾಕ್ಟರ ಮುಖದಲ್ಲಿ ಒಂದು ಗೆರೆಯೂ ಇರಲಿಲ್ಲ, ಅದೇ ನನಗೆ ಹಿಡಿಸಲಿಲ್ಲ. "ಆಪರೇಷನ್ ಅಲ್ಲಮ್ಮ, ಬರೀ ದಾರ" ಎಂದರು. ಬೆಳ್ಳಗಿರುವುದೆಲ್ಲ ಹಾಲಲ್ಲ. ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ಎಳೆ ಎಷ್ಟು ಸುಲಭವಾಗಿ ಕೈಕೊಡುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. "ಕಿತ್ಕೊಂಡ್ರೆ?" ಎಂದೆ. ಅವರು ನಕ್ಕು, ಎರಡೂ ಕೆನ್ನೆಗೆ ದಾರ ತೂರಿಸಿ, ಮುಖ ಮುಟ್ಟಬೇಡಿ ಎಂದಷ್ಟೇ ಹೇಳಿ ಕಳಿಸಿದರು.

ಮುಟ್ಟಬೇಡಿ ಎಂದು ಹೇಳಿದ್ದು ಯಾರಿಗೆ! ಬಿಸಿನೀರಿನಲ್ಲಿ ಬೆಂದ ಗೂಡುಗಳಿಂದ ಎಳೆಯ ತುದಿ ಹುಡುಕಿ ಹುಡುಕಿಯೇ ಅಕ್ಕನ ಬೆರಳು ಸವೆದಿದ್ದವು. ತುದಿ ಸಿಕ್ಕಿದರೆ ಎಳೆಯದೆ ಬಿಡುವ ಕೈಯಲ್ಲ ಅದು. ಮಾರನೆಯ ದಿನ ಟಿವಿ ನೋಡುತ್ತ ಕುಳಿತಿದ್ದವಳಿಗೆ ಕಿವಿಯ ಮುಂದೆ ಕೂದಲಿನಂಥದ್ದೇನೋ ತಾಕಿತು. ಯೋಚನೆಯೇ ಇಲ್ಲದೆ ಹಿಡಿದು ಸರಕ್ಕನೆ ಎಳೆದಳು. ಅದು ಕೆನ್ನೆಯ ದಾರವೆಂದು ಕೂಗಿಕೊಂಡಾಗಲೇ ಅವಳಿಗೂ ಗೊತ್ತಾದದ್ದು. ಸಂಜೆಯ ಹೊತ್ತಿಗೆ ಎಡಗೆನ್ನೆ ಊದಿ ನೀಲಿಗಟ್ಟಿತ್ತು. ಫೋನ್ ಮಾಡಿದರೆ ಡಾಕ್ಟರು, ನಾಳೆಯೇ ಬಂದು ತೋರಿಸಿ, ಬಾವು ಇಳಿಯುತ್ತದೆ ಎಂದರು. ಬೈಯೋಣವೆಂದರೆ ತಪ್ಪು ನಮ್ಮದೇ ಕೈಯದು. ಸಿಟ್ಟನ್ನೆಲ್ಲ ಅಕ್ಕನ ಮೇಲೆ ತೀರಿಸಿಕೊಂಡೆ.

ಅಂದು ಅಮ್ಮನಿಗೆ ತಿನ್ನಿಸಲು ನಾನೇ ಕುಳಿತೆ. ಅಕ್ಕ ಒಳಗೆ ಬರಲು ಹೆದರಿ ಬಾಗಿಲಲ್ಲೇ ನಿಂತಿದ್ದಳು. ಅಮ್ಮ ಅವಳನ್ನು ನೋಡಿಬಿಟ್ಟಳು. ಇನ್ನು ಕಿರುಚುತ್ತಾಳೆ ಎಂದುಕೊಂಡೆ.

"ಬಾ ಇಲ್ಲಿ" ಎಂದಳು ಅಮ್ಮ. ಅಕ್ಕನ ಕೆನ್ನೆಯನ್ನು ಮೆಲ್ಲಗೆ ಸವರಿ, "ನಿಂಗೂ ಹೊಡುದ್ಲಾ ಆ ಮುದ್ಕಿ?" ಎಂದು ಕೇಳಿದಳು. ನನ್ನ ಕೈಯ ತಟ್ಟೆಯಿಂದ ಮುದ್ದೆ ಮುರಿದು ಸಾರಿಗೆ ಅದ್ದಿ, "ಉಣ್ಣು ಮಗ, ಅವ್ಳು ಬರೋಕ್ ಮುಂಚೆ ಉಂಡ್ಬುಡು" ಎಂದು ಅವಳ ಬಾಯಿಗಿಟ್ಟಳು.

ಅಕ್ಕ ಅಳುತ್ತಲೇ ನುಂಗಿದಳು. ಆಮೇಲೆ ತಾನೂ ಒಂದು ತುತ್ತು ಮುರಿದು ಅಮ್ಮನ ಬಾಯಿಗೆ ಹಿಡಿದಳು. ಅಮ್ಮ ಬಾಯಿ ತೆರೆದು ಉಂಡಳು, ತಟ್ಟೆ ಖಾಲಿಯಾಗುವವರೆಗೂ ಉಂಡಳು. ಆ ಬಾವು ಇಳಿಯದೇ ಇರಲಿ ಎಂದು ನಾನು ದೇವರನ್ನು ಬೇಡಿಕೊಂಡೆ.