ಹೊಂಗೆ ತೋಪಿನ ಜೋಲಿಗಳು

ನನ್ನ ಮಾವನವರಿಗೆ ಹಲಸೂರಿನಲ್ಲಿ ಸೌದೆ ಡಿಪೋ ಇತ್ತು. ಮದುವೆಯಾಗಿ ಆ ಮನೆಗೆ ಬಂದ ಹೊಸದರಲ್ಲಿ ನನಗೆ ಅಲ್ಲಿನದೆಲ್ಲ ಸೌದೆಯ ವಾಸನೆ ಹೊಡೆಯುತ್ತಿತ್ತು, ಹಾಸಿಗೆ, ಉಪ್ಪಿನಕಾಯಿ, ಕೊನೆಗೆ ಗಂಡನ ಅಂಗಿ ಕೂಡ. ಯುದ್ಧ ನಡೆಯುತ್ತಿದ್ದ ಕಾಲ. ದಂಡು ಪ್ರದೇಶದ ತುಂಬ ಸೋಲ್ಜರುಗಳು. ಅವರ ಅಡುಗೆಮನೆಗಳಿಗೆ ಎಷ್ಟು ಸೌದೆ ಸುರಿದರೂ ಸಾಲದು. ಬಸ್ಸುಗಳು ಸಹ ಪೆಟ್ರೋಲು ಬಿಟ್ಟು ಇದ್ದಿಲು ತಿನ್ನುತ್ತಿದ್ದವು. ಮಾವನವರ ಕಣ್ಣಿಗೆ ಹಸಿರಾಗಿ ನಿಂತ ಮರವೂ ಸೀಳಿ ಪೇರಿಸಿದ ಸೌದೆಯಾಗಿಯೇ ಕಾಣುತ್ತಿತ್ತು. ಹಾಗೆಂದು ಕೆಟ್ಟವರಲ್ಲ. ಊಟದ ಹೊತ್ತಿಗೆ ಬಂದ ಕೂಲಿಯವನನ್ನು ಹಸಿದುಕೊಂಡು ಹೋಗಲು ಬಿಡುತ್ತಿರಲಿಲ್ಲ. ಆದರೆ ಹಿಡಿದ ಹಟ ಬಿಡುವವರಲ್ಲ. ನಾನೂ ಬಿಡುವವಳಲ್ಲ ಎಂಬುದು ಅವರಿಗೆ ಗೊತ್ತಾದದ್ದು ಆಮೇಲೆ.

ಡಿಪೋಗೆ ಮರ ಕಡಿದು ತರುತ್ತಿದ್ದವರು ಮರ್ಫಿ ಟೌನಿನ ಕಡೆಯವರು, ಮನೆಯಲ್ಲಿ ತಮಿಳು ಆಡುವ ಜನ. ಗಂಡ ಹೆಂಡತಿ ಒಟ್ಟಿಗೇ ಕೆಲಸಕ್ಕೆ ಹೋಗುತ್ತಿದ್ದರು. ಗಂಡ ಕಡಿದರೆ ಹೆಂಡತಿ ರೆಂಬೆ ಸವರಿ ಹೊರೆ ಕಟ್ಟಬೇಕು. ಕೈಗೂಸಿದ್ದರೆ ಹಳೆಯ ಸೀರೆಯಲ್ಲಿ ಜೋಲಿ ಮಾಡಿ ಅಲ್ಲೇ ಒಂದು ಕೊಂಬೆಗೆ ಕಟ್ಟಿ ಮಲಗಿಸುತ್ತಿದ್ದರು. ಆದ್ದರಿಂದ ಮೊದಲ ಏಟು ಬೀಳುವ ಮುಂಚೆ ಅವರ ಮೇಸ್ತ್ರಿ ಇಡೀ ತೋಪನ್ನು ಒಂದು ಸುತ್ತು ಹಾಕಿ, "ಜೋಲಿ ಇದ್ಯಾ?" ಎಂದು ಕೂಗಬೇಕಿತ್ತು. ಜೋಲಿ ಇರುವ ಮರವನ್ನೂ ಅದರ ಮೇಲೆ ಬೀಳಬಹುದಾದ ಮರವನ್ನೂ ಮುಟ್ಟುವ ಹಾಗಿಲ್ಲ. ಒಮ್ಮೆ ನಾನು ಮಜ್ಜಿಗೆ ಕೊಡುವಾಗ ಮೇಸ್ತ್ರಿಯೇ ಹೇಳಿದ್ದ. "ಜೋಲಿ ಇರೋ ಮರ ಗುಡಿ ಇದ್ದಂಗೆ ಅಮ್ಮಾ. ಕೊಡಲಿ ತೋರಿಸ್ಬಾರ್ದು. ತೋರಿಸ್ದೋನ ವಂಶ ನಿಲ್ಲಲ್ಲ." ಆಗ ಅದನ್ನು ಕೇಳಿ ಕೆಲಸಕ್ಕೆ ಹೋದೆ, ಅಷ್ಟೆ.

ಚೊಚ್ಚಲ ಬಸುರಿಯಾದಾಗ ತವರಿಗೆ ಬಂದೆ. ಹೊರಮಾವಿನಿಂದ ಆಚೆಗೆ ನಮ್ಮೂರು. ಹಲಸೂರು ಇಂಗ್ಲಿಷರ ದಂಡಿಗೆ ಸೇರಿದ್ದು, ನಮ್ಮೂರು ಮಹಾರಾಜರ ಸೀಮೆ. ನಡುವೆ ಒಂದು ಜಟಕಾ ದಾರಿ. ಊರ ಬಾಗಿಲಿಗೇ ಹೊಂಗೆ, ಹಿಪ್ಪೆ, ನೇರಳೆಯ ದೊಡ್ಡ ತೋಪು. ಜಮೀನು ಸರ್ಕಾರದ್ದು, ಅನುಭವ ಊರಿನದ್ದು. ಅದರ ಸೊಪ್ಪು ಗದ್ದೆಗೆ, ನೆರಳು ದನಕ್ಕೆ. ಸೀಮೆಎಣ್ಣೆ ಕಣ್ಣಿಗೆ ಕಾಣದಿದ್ದ ಆ ವರ್ಷಗಳಲ್ಲಿ ಪ್ರತಿ ಮನೆಯ ದೀಪ ಉರಿದದ್ದು ಹೊಂಗೆ ಎಣ್ಣೆಯಲ್ಲಿ. ನನಗೆ ಮಗಳು ಹುಟ್ಟಿದ್ದೂ ಅದೇ ದೀಪದ ಬೆಳಕಿನಲ್ಲಿ. ನಾಮಕರಣಕ್ಕೆ ಅತ್ತೆ ಬಂದು ಹೋದರು, ಯಜಮಾನರೂ ಬಂದಿದ್ದರು. ಮಾವನವರಿಗೆ ಡಿಪೋ ಬಿಟ್ಟು ಬರಲು ಪುರುಸೊತ್ತಾಗಲಿಲ್ಲ. ಹೆಣ್ಣೆಂದು ಬರಲಿಲ್ಲವೇನೋ ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ತಳವಾರ ಬಂದು ಸಾರಿದ. ತೋಪನ್ನು ಸರ್ಕಾರ ಹರಾಜು ಹಾಕಿದೆ, ಮುಂಗಾರು ಹಿಡಿಯುವ ಮುಂಚೆ ಎಲ್ಲ ಮರ ಕಡಿದು ಸಾಗಿಸುತ್ತಾರೆ ಎಂದ. ಊರ ಗಂಡಸರು ರುಮಾಲು ಸುತ್ತಿಕೊಂಡು ಅಮಲ್ದಾರರ ಬಳಿ ಹೋದರು. ಯುದ್ಧ ಮುಗಿಯಲಿ, ಹೊಸ ಸಸಿ ನೆಡಿಸೋಣ ಎಂದರಂತೆ ಅಮಲ್ದಾರರು. ಬಂದ ದಾರಿಗೆ ಸುಂಕವಿಲ್ಲ ಎಂದುಕೊಂಡು ಗಂಡಸರು ಹಿಂದಿರುಗಿದರು. ಬರುವಾಗ ಹರಾಜು ಕೂಗಿದ್ದು ಯಾರು ಎಂಬುದನ್ನು ಮಾತ್ರ ತಿಳಿದುಕೊಂಡು ಬಂದಿದ್ದರು. ಅದು ನನ್ನ ಮಾವನವರು.

ಬೀಗರ ಊರು, ಅಲ್ಲಿ ಯಾರೂ ತಕರಾರು ಮಾಡುವುದಿಲ್ಲ ಎಂಬ ಧೈರ್ಯದಿಂದಲೇ ಕೂಗಿದ್ದರಂತೆ. ಇದನ್ನು ಕೇಳಿದ ಅವ್ವ ಒಲೆಯ ಮುಂದಿನಿಂದ ಏಳಲೇ ಇಲ್ಲ. ಮರುದಿನ ಬಾವಿಯ ಹತ್ತಿರ ನಾನು ಹೋದರೆ ಹೆಂಗಸರ ಮಾತು ನಿಂತಿತು. ಹುಟ್ಟಿದ ಊರಿನಲ್ಲಿ ಹಾಗೆ ಪರಕೀಯಳಾಗಿ ನಿಂತದ್ದು ನನ್ನನ್ನು ಬಾಣಂತಿ ಮೈಯ ನೋವಿಗಿಂತ ಹೆಚ್ಚು ನೋಯಿಸಿತು. ಕೊಡ ಅಲ್ಲೇ ಇಟ್ಟು, ಜೋಲಿಯ ಸಂಗತಿಯನ್ನು ಅವರಿಗೆ ಹೇಳಿಬಿಟ್ಟೆ.

ಅವರಲ್ಲೇ ಹಿರಿಯಳೊಬ್ಬಳು ಕೇಳಿದಳು: "ನಮ್ಮ ಕೂಸುಗಳ್ನ ಮರಕ್ಕೆ ಕಟ್ಟು ಅಂತೀಯಲ್ಲ, ನಿಂದು ಮನೇಲಿ ಬೆಚ್ಚಗೆ ಮಲಗಿರ್ತದಾ?"

ಕೇಳಬೇಕಾದದ್ದನ್ನೇ ಕೇಳಿದಳು. ಮನೆಗೆ ಬಂದು ಅವ್ವನಿಗೆ ಹೇಳಿದರೆ ಅವಳು ನನ್ನ ಕೈ ಹಿಡಿದುಕೊಂಡಳು. "ಬೇಡ ಕಣೆ. ನೀನೇ ಹೇಳ್ಕೊಟ್ಟೆ ಅಂತ ಗೊತ್ತಾದ್ರೆ ಆ ಮನೆ ಬಾಗ್ಲು ನಿಂಗೆ ಮತ್ತೆ ತೆಗೆಯಲ್ಲ. ತೋಪು ಹೋದ್ರೆ ಊರಿಗೆ ಹೋಯ್ತು. ಗಂಡನ ಮನೆ ಹೋದ್ರೆ ನೀನೊಬ್ಳೇ ಅಳ್ಬೇಕು." ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನನಗೂ ಹೆದರಿಕೆ ಇತ್ತು. ಆದರೂ ಮದುವೆಯ ಒಂದು ಸೀರೆಯನ್ನು ಪೆಟ್ಟಿಗೆಯಿಂದ ತೆಗೆದೆ.

ಎತ್ತಿನ ಗಾಡಿಗಳಲ್ಲಿ ಕಡಿಯುವವರು ಬಂದ ಬೆಳಿಗ್ಗೆ ತೋಪಿನ ತುಂಬ ಜೋಲಿಗಳಿದ್ದವು. ದಾರಿಯ ಬಾಯಲ್ಲಿದ್ದ ಮುದಿ ಹೊಂಗೆಗೆ ನನ್ನದು. ಮೇಸ್ತ್ರಿ ರೂಢಿಯಂತೆ ಸುತ್ತು ಹೊರಟವನು ಮೊದಲ ಮರದಲ್ಲೇ ನಿಂತ. ನನ್ನನ್ನು ನೋಡಿದ. ನಾನು ತಲೆ ತಗ್ಗಿಸಲಿಲ್ಲ. ತೋಪಿನ ಒಳಗೆಲ್ಲ ಅಡ್ಡಾಡಿ ಬಂದು, ಕೊಡಲಿಗಳನ್ನು ಗಾಡಿಗೆ ಹಾಕಲು ಹೇಳಿ, ಬೀಡಿ ಹಚ್ಚಿ ಕೂತ. ಅವನ ಕಡೆಯ ಹೆಂಗಸರು ನಮ್ಮವರ ಜೊತೆ ಎಲೆ ಅಡಿಕೆ ಹಾಕಿಕೊಳ್ಳಲು ಶುರು ಮಾಡಿದರು.

ಮಧ್ಯಾಹ್ನಕ್ಕೆ ಮಾವನವರ ಜಟಕಾ ಬಂತು. ಅವರು ಇಳಿದು, ತೂಗಾಡುತ್ತಿದ್ದ ಜೋಲಿಗಳನ್ನೂ ಸುಮ್ಮನೆ ಕೂತ ಆಳುಗಳನ್ನೂ ನೋಡಿದರು. ಹತ್ತಿರದ ಜೋಲಿಯನ್ನು ಬೆರಳಿನಿಂದ ಸರಿಸಿ ಒಳಗೆ ಇಣುಕಿ, "ಯಾರ ಮಗು ಇದು?" ಎಂದರು.

"ನಿಮ್ಮದೇ ಮಾವ," ಎಂದೆ.

ನಮ್ಮ ಕಡೆ ಮಗುವನ್ನು ಮೊದಲ ಸಲ ನೋಡಲು ಬಂದವರು ತೊಟ್ಟಿಲನ್ನು ಒಮ್ಮೆ ತೂಗಿ ಹೋಗಬೇಕು. ತೂಗದೆ ಹೋದರೆ ಆ ಮಗುವನ್ನು ನಮ್ಮದೆಂದು ಒಪ್ಪಲಿಲ್ಲ ಎಂದರ್ಥ. ಮಾವನವರ ಕೈ ತಾನಾಗಿಯೇ ಜೋಲಿಯ ಕಡೆಗೆ ಹೋಯಿತು. ಹಿಂದೆ ಆಳುಗಳೆಲ್ಲ ನೋಡುತ್ತಿದ್ದರು. ತೂಗಿದರೆ ಜೋಲಿಯನ್ನೂ ಮರವನ್ನೂ ಒಪ್ಪಿದ ಹಾಗೆ. ಕೈ ಹಿಂದಕ್ಕೆ ಬಂತು.

"ಇದನ್ನ ಇವ್ರಿಗೆ ಹೇಳ್ಕೊಟ್ಟಿದ್ದು ನೀನೇನಾ?"

"ಹೂಂ ಮಾವ."

"ಸರಿ, ಇಲ್ಲೇ ಇರು," ಎಂದು ಜಟಕಾ ಹತ್ತಿದರು. ಅವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನಾನು ಮಗುವನ್ನು ಎತ್ತಿಕೊಂಡು ಹಾಲೂಡಿಸಿದೆ. ಕೋಪದಲ್ಲಿ ಹಾಲು ಇಳಿಯುವುದಿಲ್ಲ ಎನ್ನುತ್ತಾರೆ. ನನಗೆ ಇಳಿಯಿತು.

ಆಮೇಲೆ ಅವರು ಬೇರೆ ಕಡೆಯ ಆಳುಗಳನ್ನು ಕಳಿಸಿ ನೋಡಿದರು. ಅವರೂ ಹೆಂಡತಿ ಮಕ್ಕಳಿದ್ದವರೇ, ಕೊಡಲಿ ಎತ್ತದೆ ಹಿಂದಿರುಗಿದರು. ಪೊಲೀಸರನ್ನು ಕರೆಸಿ ಎಂದು ಯಾರೋ ಹೇಳಿದ್ದಕ್ಕೆ, "ಮೊಮ್ಮಗಳ ಮೇಲೆ ಕಂಪ್ಲೇಂಟ್ ಕೊಡ್ಲಾ?" ಎಂದು ರೇಗಿದರಂತೆ. ಇತ್ತ ನಮ್ಮ ಹೆಂಗಸರು ಬೆಳಗಾದರೆ ತೋಪಿನಲ್ಲಿ. ಅಲ್ಲೇ ರಾಗಿ ಹಸನು ಮಾಡುವುದು, ಅಲ್ಲೇ ಹೇನು ನೋಡುವುದು, ಅಲ್ಲೇ ಜಗಳ. ಒಮ್ಮೆ ಊರಿನಲ್ಲಿ ಮಕ್ಕಳಿಗೆಲ್ಲ ಅಮ್ಮ ಎದ್ದಿತು, ಮೈತುಂಬ ಗುಳ್ಳೆ. ಕೂಸುಗಳನ್ನು ಹೊರಗೆ ತರುವಂತಿರಲಿಲ್ಲ. ನಾಮಕರಣದಲ್ಲಿ ಮಗುವಿಗಿಂತ ಮುಂಚೆ ತೊಟ್ಟಿಲಿಗೆ ಗುಂಡುಕಲ್ಲನ್ನು ಹಾಕುವುದಿಲ್ಲವೇ, ಮಗು ಕಲ್ಲಿನಂತೆ ಗಟ್ಟಿಯಾಗಲಿ ಎಂದು? ಆ ಕಲ್ಲುಗಳನ್ನೇ ತಂದು ಜೋಲಿಗಳಲ್ಲಿ ಮಲಗಿಸಿದರು. ಮೇಸ್ತ್ರಿ ಬಂದು ಇಣುಕಿ, "ಈ ಊರ ಮಕ್ಳು ಅಳೋದೇ ಇಲ್ವಲ್ಲ," ಎಂದು ನಗುತ್ತಾ ಹೋದ. ಕಲ್ಲೂ ಶಾಸ್ತ್ರದ್ದೇ ತಾನೆ.

ಹೊರಗೆ ನಗು, ಒಳಗೆ ನಾನು ಬೇಯುತ್ತಿದ್ದೆ. ಬಾಣಂತನ ಮುಗಿದು ಕರೆದುಕೊಂಡು ಹೋಗುವ ತಿಂಗಳು ದಾಟಿತು. ಯಾರೂ ಬರಲಿಲ್ಲ. ಯಜಮಾನರು ಒಂದು ಸಲ ಬಂದು, ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತು, "ಅಪ್ಪ ಹೇಳ್ದೆ ನಾನು ಹೇಗೆ ಕರ್ಕೊಂಡು ಹೋಗ್ಲಿ," ಎಂದು ಎದ್ದು ಹೋದರು. ತೋಪು ಉಳಿದರೆ ದೇವರಿಗೆ ತಂಬಿಟ್ಟು ಎಂದು ಹರಸಿಕೊಂಡ ಹೆಂಗಸರ ಮೇಲೂ ನನಗೆ ಸಿಟ್ಟು ಬರುತ್ತಿತ್ತು. ಅವರು ಸಂಜೆ ಕೂಸು ಎತ್ತಿಕೊಂಡು ತಂತಮ್ಮ ಗಂಡಂದಿರ ಮನೆಗೆ ಹೋಗುತ್ತಿದ್ದರು. ನಾನು ಮಾತ್ರ ಅವ್ವನ ಮನೆಗೆ.

ಮುಂಗಾರು ಹಿಡಿಯಿತು. ಸರ್ಕಾರ ಕೊಟ್ಟ ಗಡುವು ಮುಗಿದು ಹರಾಜು ಬಿದ್ದುಹೋಯಿತು, ಮರಗಳು ನಿಂತಲ್ಲೇ ನಿಂತವು. ಜೋಲಿಗಳನ್ನು ಬಿಚ್ಚಿ ಒಗೆದು ಹಾಕಿದೆವು. ತಂಬಿಟ್ಟು ಹಂಚಿದರು. ನನ್ನ ಪಾಲನ್ನು ಅವ್ವನ ಮುಂದಿಟ್ಟು ಒಳಗೆ ಹೋದೆ.

ಒಂದು ದಿನ ಮಳೆ ಬಿಟ್ಟ ಹೊತ್ತಿನಲ್ಲಿ ಮಾವನವರು ಬಂದರು. ಜೊತೆಗೆ ಯಾರೂ ಇರಲಿಲ್ಲ. ಅವ್ವ ಕೊಟ್ಟ ನೀರು ಕುಡಿದು, ಮಗುವನ್ನು ದೂರದಿಂದಲೇ ನೋಡಿ, "ಆ ಸೀರೆ ಎಲ್ಲಿ?" ಎಂದು ಕೇಳಿದರು. ತಂದೆ. "ನಡಿ," ಎಂದು ಮುಂದೆ ಹೊರಟರು. ಅವ್ವನೂ ನಮ್ಮ ಹಿಂದೆಯೇ ಬಂದಳು.

ಅದೇ ಮುದಿ ಹೊಂಗೆಯ ಕೆಳಗೆ ನಿಂತು ಸೀರೆಯನ್ನು ತಾವೇ ಕೊಂಬೆಗೆ ಕಟ್ಟಿದರು. ಸೌದೆ ಹೊರೆಗೆ ಹಾಕುವ ಗಂಟು, ಎಳೆದರೂ ಬಿಚ್ಚುವಂತಿರಲಿಲ್ಲ. "ಮಲಗಿಸು," ಎಂದರು. ಮಗುವನ್ನು ಮಲಗಿಸಿದೆ. ಅವಳಿಗಾಗಲೇ ಮಗುಚಿಕೊಳ್ಳುವ ವಯಸ್ಸು, ಒಳಗೆ ಕಾಲು ಝಾಡಿಸಿದಳು. ಮಾವನವರು ಜೋಲಿಯ ಅಂಚು ಹಿಡಿದು ಒಮ್ಮೆ ತೂಗಿದರು. ಮತ್ತೆ ತೂಗಿದರು.

"ಅವತ್ತಿಂದ ನಂಗೆ ಸರಿಯಾಗಿ ಊಟ ಸೇರ್ಲಿಲ್ಲ," ಎಂದರು. ನನಗೆ ಹೇಳಿದರೋ ಮಗುವಿಗೋ ತಿಳಿಯಲಿಲ್ಲ. ನಾನು ಅವ್ವನ ಎದುರಿಗೇ ಅತ್ತುಬಿಟ್ಟೆ. ಅಷ್ಟು ತಿಂಗಳು ತಡೆದುಕೊಂಡದ್ದೆಲ್ಲ ಆಗ ಬಂತು.

ಮಗುವನ್ನು ಎತ್ತಿಕೊಂಡು, ಜೋಲಿ ಬಿಚ್ಚಲು ಕೈ ಮೇಲೆತ್ತಿದೆ. ಮಾವನವರು ಬೇಡವೆಂದು ತಲೆಯಾಡಿಸಿದರು.

"ಇರ್ಲಿ ಬಿಡು. ಮುಂದಿನ ವರ್ಷ ಇನ್ನೊಬ್ಬ ಹರಾಜು ಕೂಗ್ತಾನೆ."

"ಖಾಲಿ ಜೋಲಿ ಬಿಡ್ಬಾರ್ದಲ್ಲ ಬೀಗ್ರೇ," ಎಂದಳು ಅವ್ವ.

ಅವರು ಸುತ್ತ ನೋಡಿದರು. ಬಗ್ಗಿ, ಬೇರಿನ ಪಕ್ಕದಲ್ಲಿದ್ದ ಒಂದು ಕಲ್ಲನ್ನು ಎತ್ತಿ, ಅಂಟಿದ್ದ ಕೆಸರನ್ನು ಪಂಚೆಯಲ್ಲಿ ಒರೆಸಿ, ಮಗುವನ್ನು ಮಲಗಿಸುವ ಹಾಗೆಯೇ ಎರಡೂ ಕೈಯಿಂದ ಜೋಲಿಯಲ್ಲಿ ಮಲಗಿಸಿದರು.