ಮಗಳ ತಲೆಯೊಳಗಿನ ಗುಡ್ಡಸಾಲು

ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ ನಾನು ಓದು ನಿಲ್ಲಿಸಿದೆ. ಕೆಲಮಂಗಲದ ಶಾಲೆ, ಎಂಟನೇ ತರಗತಿ. ಅಲ್ಲಿಂದ ನೇರ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ಬಂದು ನಿಂತವನು ಇವತ್ತಿಗೂ ಅಲ್ಲೇ ಇದ್ದೇನೆ. ಈಗ ಮೂಕಂಡಪಲ್ಲಿಯ ಆ ಶೆಡ್ಡು ನನ್ನದು, ಅಷ್ಟೇ. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಬೆರಳಲ್ಲಿ ಸವರಿ ಹೇಳಬಲ್ಲೆ ಎಂಬ ಜಂಬ ನನಗಿದೆ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಎಡವಿದ್ದೂ ಅದೇ ಜಂಬದಿಂದ.

ಈಗ ಜಗಲಿಯಲ್ಲಿ ಕೊಬ್ಬರಿ ಎಣ್ಣೆಯ ವಾಸನೆ. ಹೆಂಡತಿ ಸರೋಜ ಮಗಳ ಕೂದಲಿಗೆ ಹತ್ತಿದ ಬಿಳಿ ಅಂಟನ್ನು ಎಣ್ಣೆ ಹಚ್ಚಿ ಬಿಡಿಸುತ್ತಿದ್ದಾಳೆ. ಬೆಳಿಗ್ಗೆ ಇಇಜಿ ಆಯಿತು. ತಲೆಗೆಲ್ಲ ವೈರು ಅಂಟಿಸಿ ಮೆದುಳಿನ ಮಿಡಿತವನ್ನು ಗೀಟುಗಳಾಗಿ ಬರೆಯುವ ಪರೀಕ್ಷೆ. ಈ ವಾಸನೆ ಮೂಗಿಗೆ ಬಡಿದರೆ ನಾನು ಎರಡು ವರ್ಷ ಹಿಂದಕ್ಕೆ ತೇಲಿಹೋಗುತ್ತೇನೆ.

ಭವ್ಯಳಿಗೆ ಆಗ ಏಳು ವರ್ಷ. ಆಟಿಸಂ ಇರುವ ಮಗು, ಮಾತು ಬೆರಳೆಣಿಕೆ. ಶೆಡ್ಡಿನಿಂದ ಉಕ್ಕಿನ ಉಂಗುರಗಳನ್ನು ತಂದುಕೊಟ್ಟರೆ ನಡುಮನೆಯುದ್ದಕ್ಕೂ ಸಾಲು ಜೋಡಿಸುತ್ತಿದ್ದಳು. ಕೆಲವು ಸಲ ಉಂಗುರ ಹಿಡಿದ ಕೈ ಹಾಗೇ ಗಾಳಿಯಲ್ಲಿ ನಿಂತುಬಿಡುತ್ತಿತ್ತು. ಕಣ್ಣು ಎಲ್ಲೋ. ನಾನು ಅದನ್ನು ಕನಸು ಎಂದುಕೊಂಡಿದ್ದೆ. ಅವಳು ಹೋಗಿಬರುವ ಆ ಊರಿಗೆ ನನಗೂ ದಾರಿ ಗೊತ್ತಿದ್ದರೆ ಎಂದು ಪಕ್ಕದಲ್ಲಿ ಕೂತು ಆಸೆಪಡುತ್ತಿದ್ದೆ.

"ಕೂಗಿದ್ರೆ ತಿರುಗ್ದೆ ಇರೋದು ಬೇರೆ ಕಣ್ರೀ, ಇದೇ ಬೇರೆ," ಎಂದಳು ಸರೋಜ. "ಕಣ್ಮುಂದೆ ಕೈ ಆಡ್ಸಿದ್ರೂ ರೆಪ್ಪೆ ಬಡೀತಿಲ್ಲ."

ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿಯ ಡಾಕ್ಟರಮ್ಮ ಇಇಜಿ ಮಾಡಿಸಿ, ಇದು ಫಿಟ್ಸೇ ಎಂದು ಮಾತ್ರೆ ಶುರುಮಾಡಿದರು. ಆ ಕಾಗದ ಬಿಡಿಸಿ ನೋಡಿದೆ. ಡೆಂಕಣಿಕೋಟೆ ಬಸ್ಸಿನ ಕಿಟಕಿಯಲ್ಲಿ ಕಾಣುವ ಗುಡ್ಡಗಳ ಹಾಗೆ ಸಾಲುಸಾಲು ಏರಿಳಿತ. ನಡುನಡುವೆ ಮುಳ್ಳಿನಂತೆ ಚುಚ್ಚಿ ನಿಂತ ಶಿಖರ. ಚೆಂದ ಕಂಡಿತು, ತಲೆಗೆ ಹತ್ತಲಿಲ್ಲ. ಸ್ವಲ್ಪ ದಿನಕ್ಕೆ ಎಂಆರ್‌ಐ ಸ್ಕ್ಯಾನಿನ ರಿಪೋರ್ಟು ಬಂತು. ಅದರಲ್ಲಿ ನನಗೆ ಓದಲು ಬರುವ ಒಂದು ಮಾತಿತ್ತು: ನಾರ್ಮಲ್.

ನಮ್ಮ ಕಸುಬಿನಲ್ಲಿ ಅಳತೆ ನೋಡಿ ಹಸಿರು ಚೀಟಿ ಕಟ್ಟಿದರೆ ಆಯಿತು, ಆ ಪೀಸನ್ನು ಮತ್ತೆ ಯಾರೂ ಮುಟ್ಟುವುದಿಲ್ಲ. ಪಕ್ಕದ ಲೇತಿನ ಮುನಿರತ್ನನಿಗೆ ಕೂಗಿ ಹೇಳಿದೆ, "ಲೋ ಮುನಿಯಾ, ಮಗಳು ಪಾಸಾಗ್ಬುಟ್ಲು ಕಣ್ಲಾ!"

"ಹಂಗಾದ್ರೆ ಬೋಂಡ ಕೊಡ್ಸಲಾ, ಸುಮ್ಕೆ ಬಾಯಲ್ಲಿ ಹೇಳ್ಬೇಡ," ಎಂದ ಅವನು. ಕೊಡಿಸಿದೆ.

ಮನೆಗೆ ಬಂದು ಮಾತ್ರೆ ಡಬ್ಬಿಯನ್ನು ಅಟ್ಟದ ಮೇಲಿಟ್ಟೆ. ಡಾಕ್ಟರನ್ನು ಒಂದು ಮಾತು ಕೇಳೋಣ ಎಂದಳು ಸರೋಜ. "ಪಾಸಾದ ಪೀಸ್‌ನ ಯಾರಾನ ತಿರ್ಗ ಮಿಷನ್‌ಗೆ ಕಟ್ತಾರೇನೆ?" ಎಂದೆ. "ಮಗಳು ನಿಮ್ ಶೆಡ್ಡಿನ ಪೀಸಾ?" ಎಂದಳು. ನಾನು ಡಬ್ಬಿಯನ್ನು ಇನ್ನಷ್ಟು ಹಿಂದಕ್ಕೆ ತಳ್ಳಿದೆ.

ಮಾತ್ರೆ ನಿಂತ ನಾಲ್ಕನೇ ದಿನ ಭಾನುವಾರ, ತಿಂಡಿಯ ಹೊತ್ತು. ಭವ್ಯ ಉಂಗುರಗಳ ಸಾಲಿನ ಮೇಲೆಯೇ ಬಿದ್ದಳು. ಮೈಯೆಲ್ಲ ಸೆಟೆದು ಅದುರುತ್ತಿತ್ತು. ಎಲ್ಲರೂ ಮಾಡುವಂತೆ ನಾನೂ ಕಬ್ಬಿಣ ಹುಡುಕಿಕೊಂಡು ಓಡಿದೆ. ದೊಡ್ಡ ಸ್ಪಾನರನ್ನೇ ತಂದು ಅವಳ ಅಂಗೈಗೆ ಒತ್ತಿದೆ. "ಅದ ಬಿಸಾಕಿ ಅತ್ಲಾಗೆ! ಮಗ್ಗುಲಿಗೆ ತಿರುಗ್ಸಿ, ಬಾಯಿಗೆ ಏನೂ ಹಾಕ್ಬೇಡಿ," ಎಂದು ಸರೋಜ ಮಗುವನ್ನು ತಾನೇ ಹೊರಳಿಸಿದಳು. ಡಾಕ್ಟರಮ್ಮ ಹೇಳಿಕೊಟ್ಟಿದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಅವರು ಹೇಳಿಕೊಡುವಾಗ ನಾನು ಸ್ಕ್ಯಾನ್ ಮಿಷನ್ನಿನ ಬೇರಿಂಗು ಯಾವ ಸೈಜು ಇರಬಹುದೆಂದು ಯೋಚಿಸುತ್ತಿದ್ದೆ. ಕಬ್ಬಿಣದಿಂದ ಫಿಟ್ಸ್ ನಿಲ್ಲುವುದಾಗಿದ್ದರೆ ನಮ್ಮ ಮನೆಯೊಳಕ್ಕೆ ಅದು ಕಾಲೇ ಇಡಬಾರದಿತ್ತು, ಅಲ್ಲವೇ?

ಆಸ್ಪತ್ರೆಗೆ ಹೊತ್ತೊಯ್ದು ಮಾತ್ರೆ ನಿಲ್ಲಿಸಿದ್ದನ್ನು ಹೇಳಿದರೂ ಡಾಕ್ಟರಮ್ಮ ಬೈಯಲಿಲ್ಲ. ಅದೇ ಹೆಚ್ಚು ನೋಯಿಸಿತು. ತಮಿಳು ಬೆರೆತ ಕನ್ನಡದಲ್ಲಿ, "ಅಪ್ಪಾ, ನಿಮ್ದು ಏನ್ ಕೆಲ್ಸ?" ಎಂದರು.

"ಲೇತು ಮೇಡಂ."

"ನಿಂತಿರೋ ಮೋಟಾರು ಅಳ್ತೆ ಎಲ್ಲಾ ಕರೆಕ್ಟು. ಓಡೋವಾಗ್ಲೂ ಸರಿ ಇರುತ್ತೆ ಅಂತ ಬರ್ಕೊಡ್ತೀರಾ?"

"ಎಲ್ಲಾದ್ರೂ ಉಂಟಾ ಮೇಡಂ? ಓಡ್ಸಿ, ಕೈಯಿಟ್ಟು, ಕಿವಿಗೊಟ್ಟು ನೋಡ್ಬೇಕು."

"ಸ್ಕ್ಯಾನ್ ಅನ್ನೋದು ನಿಂತಿರೋದ್ರ ಫೋಟೋ. ಇಇಜಿ ಓಡೋದ್ರ ಸದ್ದು. ಫೋಟೋ ಚೆನ್ನಾಗಿದ್ರೂ ಫಿಟ್ಸ್ ಬರ್ಬೋದು. ಈ ಥರ ಮಕ್ಳಿಗೆ ಬರೋದು ಸ್ವಲ್ಪ ಜಾಸ್ತಿನೇ. ನಾಳೆ ಗೀಟು ಕ್ಲೀನಾಗಿ ಬಂದ್ರೂ ನನ್ನ ಕೇಳ್ದೆ ಮಾತ್ರೆ ನಿಲ್ಲಿಸ್ಬೇಡಿ."

ಏಳುವಾಗ, ಎಷ್ಟೋ ದಿನದಿಂದ ಒಳಗಿದ್ದುದನ್ನು ಕೇಳಿಬಿಟ್ಟೆ: "ಮಾತಾಡ್ಸೋ ಜಾಗ ಏನಾನ ಕಾಣಿಸ್ತಾ ಮೇಡಂ, ಆ ಫೋಟೋದಲ್ಲಿ?"

"ಅದು ಫೋಟೋಗೆ ಸಿಗೋದಲ್ಲಪ್ಪಾ. ಮಾತ್ರೇನೂ ಫಿಟ್ಸ್‌ಗೆ ಮಾತ್ರ. ಪಾಪು ಹೆಂಗಿದಾಳೋ ಹಂಗೇ ಇರ್ತಾಳೆ."

ಆ ಮಾತು ಮೊದಲು ಬರಸಿಡಿಲಿನಂತೆ ಕೇಳಿತು. ದಿನ ಕಳೆದಂತೆ ಮರದ ನೆರಳಿನಂತೆ ತಂಪಾಯಿತು.

ಇವತ್ತು ಬೆಳಿಗ್ಗೆ ಅವಳು ವೈರುಗಳ ಟೋಪಿ ಹೊತ್ತು ನಿದ್ದೆಹೋದಾಗ ಗಾಜಿನಾಚೆಯ ಪರದೆಯಲ್ಲಿ ಗುಡ್ಡಗಳು ಒಂದೊಂದಾಗಿ ಹರಿದುಹೋದವು. ಈ ಸಲ ನಾನು ಅಲ್ಲಿ ಹಸಿರು ಚೀಟಿ ಹುಡುಕಲಿಲ್ಲ. ಬಸ್ಸಿನ ಕಿಟಕಿಗೆ ತಲೆಯಾನಿಸಿದವನಂತೆ ಸುಮ್ಮನೆ ನೋಡುತ್ತ ಕೂತೆ. ರಿಪೋರ್ಟು ಸೋಮವಾರ ಬರುತ್ತದೆ. ಏನೇ ಬರಲಿ, ಮಾತ್ರೆ ಡಬ್ಬಿ ಅಟ್ಟ ಹತ್ತುವುದಿಲ್ಲ. ಅಂಟು ಬಿಟ್ಟಿತು ನೋಡಿ; ಭವ್ಯ ಎದ್ದು ಬಂದು ತಲೆ ಸವರಿಕೊಂಡ ಎಣ್ಣೆಗೈಯಲ್ಲೇ ನನ್ನ ಮಂಡಿಯ ಮೇಲೊಂದು ಉಂಗುರ ಇಟ್ಟಳು.

ಈಗ ನನ್ನ ಬಳಿ ಇರುವುದು ಎರಡು ಲೇತು, ಒಬ್ಬ ಹೆಂಡತಿ, ಒಬ್ಬ ಮಗಳು, ಅವಳ ಹದಿನಾಲ್ಕು ಮಾತು, ನಲವತ್ತಾರು ಉಂಗುರ, ಕ್ಯಾಲೆಂಡರಿನಲ್ಲಿ ಫಿಟ್ಸಿನ ಗುರುತಿಲ್ಲದ ಐದು ತಿಂಗಳು.