ಅಂಗಳಕ್ಕೆ ಮಾಳಿಗೆ ಇಲ್ಲ

ಬಿಸಿಲಿಗೆ ಕಾದ ಫರ್ಶಿಗಲ್ಲಿನ ಮೇಲೆ ನೀರು ಬಿದ್ದರೆ ಒಂದು ವಾಸನೆ ಏಳುತ್ತದೆ. ಅದು ಮಳೆಗೆ ನೆಂದ ಮಣ್ಣಿನ ವಾಸನೆಯಲ್ಲ. ಅದಕ್ಕಿಂತ ಒರಟು, ಸುಣ್ಣದ ಭಟ್ಟಿಯ ಹತ್ತಿರ ನಿಂತಂತೆ. ಮೊನ್ನೆ ಸಂಡಿಗೆ ಹಾಕುವ ಮೊದಲು ಅಂಗಳ ತೊಳೆಯುವಾಗ ಆ ವಾಸನೆ ಮೂಗಿಗೆ ಬಡಿಯಿತು. ಎದುರುಮನೆಯ ಕಾಕಿ ನೆನಪಾದಳು. ಅವಳು ನೆನೆದು ಅಳುವಂಥ ಹೆಂಗಸಲ್ಲ, ನಾನೂ ಅಳುವವಳಲ್ಲ. ಆದರೆ ಅವಳದೊಂದು ಸಂಗತಿ ಬರೆದಿಡಬೇಕು ಅನ್ನಿಸಿತು.

ಕಾಕಿ ಸೇಡಂ ಕಡೆಯ ಮುಧೋಳದವಳು. ಕಲ್ಲಿನ ಖಣಿಯಲ್ಲಿ ದುಡಿಯಲು ಗಂಡನ ಜೊತೆ ನಮ್ಮೂರಿಗೆ ಬಂದವಳು, ಗಂಡ ಸತ್ತ ಮೇಲೂ ಊರು ಬಿಡಲಿಲ್ಲ. ಮಕ್ಕಳಿರಲಿಲ್ಲ. ಕಲ್ಲಿನ ಧೂಳು ಕುಡಿದು ಕುಡಿದು ದನಿ ಗಂಡಸಿನ ಹಾಗಾಗಿತ್ತು. ಸಿಟ್ಟು ಬಂದರೆ ತೆಲುಗಿನಲ್ಲಿ ಬೈಯುತ್ತಿದ್ದಳು. ಬೈಸಿಕೊಂಡವರಿಗೆ ತಿಳಿಯಲಿಲ್ಲ ಅಂತ ಕಂಡರೆ ಅದನ್ನೇ ಮತ್ತೆ ಕನ್ನಡದಲ್ಲಿ ಹೇಳುತ್ತಿದ್ದಳು. ಓದು ಬರಹ ಒಂದಕ್ಷರ ಇರಲಿಲ್ಲ. ನನ್ನದೂ ಹೇಳಿಕೊಳ್ಳುವಂಥದ್ದಲ್ಲ, ಚಿಮ್ಮನಚೋಡದ ಶಾಲೆಯಿಂದ ಎರಡನೇ ಇಯತ್ತೆಗೇ ಬಿಡಿಸಿದ್ದರು.

ಆಗ ನನಗೆ ಐವತ್ತರ ಮೇಲಾಗಿತ್ತು. ಎರಡು ಕೋಣೆಯ ಮನೆ, ಮುಂದೆ ಅಂಗಳ. ಸಂಡಿಗೆ, ಹಪ್ಪಳ, ಶಾವಿಗೆ ಮಾಡಿ ಮಾರಿ ಬದುಕುತ್ತಿದ್ದೆ. ಈ ಕೆಲಸಕ್ಕೆ ಬೇಕಾದದ್ದು ಎರಡೇ, ಬಿಸಿಲು ಮತ್ತು ಧೂಳಿಲ್ಲದ ನೆಲ. ಬಿಸಿಲಿಗೆ ನಮ್ಮ ಕಡೆ ಬರಗಾಲವಿಲ್ಲ. ನೆಲಕ್ಕೆ ನಾನೇ ಅಂಗಳದ ತುಂಬ ಫರ್ಶಿ ಹಾಸಿಸಿದ್ದೆ. ಫರ್ಶಿ ಹಾಸದ ಅಂಗಳ ನಮ್ಮೂರಲ್ಲಿ ಹುಡುಕಿದರೂ ಸಿಗುವುದು ಕಷ್ಟ, ಕಲ್ಲು ಕಾಲಿನ ಕೆಳಗೇ ಇರುವ ಊರು.

ಒಂದು ಬೇಸಿಗೆ ಮನೆ ತೆರಿಗೆಯ ನೋಟೀಸು ಬಂತು. ಊರಿನ ಮನೆಗಳನ್ನು ಸಾಲು ಸಾಲಾಗಿ ಹೊಸದಾಗಿ ಅಳೆಯುತ್ತಿದ್ದರಂತೆ. ಹಿಂದಿನ ವರ್ಷದ ಎರಡು ಪಟ್ಟಿಗೂ ಮೇಲೆ ಬರೆದಿದ್ದರು. ಮನೆ ಅದೇ, ಗೋಡೆ ಅದೇ, ಇರುವವಳು ನಾನೊಬ್ಬಳೇ. ತೆರಿಗೆ ಕಚೇರಿಗೆ ಹೋಗಿ ಕಿಟಕಿಯಲ್ಲಿ ಕುಳಿತವನನ್ನು ಕೇಳಿದೆ. ಅವನು ತಲೆ ಎತ್ತದೆ ಹೇಳಿದ, "ಅಂಗಳಕ್ಕೂ ಫರ್ಶಿ ಹಾಕೀಯಲ್ಲಬೇ, ಅದೂ ಮನಿಯಾಗ ಬಂತು. ಕಿತ್ತು ಹಾಕು, ಕಮ್ಮಿ ಆಗ್ತದ."

ನಾನು ನಂಬಿದೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು. ಕಿಟಕಿಯ ಆಚೆ ಕುಳಿತವನಿಗೆ ಎಲ್ಲ ಗೊತ್ತಿರುತ್ತದೆ ಅಂತ ನಮಗೆ ಯಾರು ಕಲಿಸಿದರೋ... ಮನೆಗೆ ಬಂದು ಹಾರೆ ಹಿಡಿದೆ. ಮಣ್ಣಿನ ನೆಲದಲ್ಲಿ ಸಂಡಿಗೆ ಹಾಕಿದರೆ ಯಾರು ಕೊಳ್ಳುತ್ತಾರೆ ಅನ್ನುವ ವಿಚಾರ ಬಂತು, ಆದರೂ ಹಿಡಿದೆ. ಎರಡು ಫರ್ಶಿ ಎಬ್ಬಿಸಿದ್ದೆ, ಮೂರನೆಯದರ ಸಂದಿಗೆ ಹಾರೆ ಇಟ್ಟಿದ್ದೆ. ಕಾಕಿ ಬಂದು ನಿಂತಳು.

"ಏನ್ ಮಾಡಲಿಕತ್ತಿ?"

"ಫರ್ಶಿ ಕೀಳಲಿಕತ್ತೀನಿ ಕಾಕಿ. ತೆರಿಗಿ ಕಮ್ಮಿ ಆಗ್ತದಂತ."

ಕಾಕಿ ಸೀರೆ ಮಡಿಚಿ ಆ ಮೂರನೆಯ ಫರ್ಶಿಯ ಮೇಲೆ ಕುಕ್ಕರಿಸಿದಳು.

"ಮೊದಲ ನನ್ನ ಎಬ್ಬಿಸು ಹುಚ್ಚಿ, ಆಮ್ಯಾಲ ಫರ್ಶಿ ಎಬ್ಬಿಸು."

ಎಬ್ಬಿಸಲು ಆಗಲಿಲ್ಲ. ಕಲ್ಲು ಹೊತ್ತ ಮೈ ಅದು, ನಾನು ತೋಳು ಹಿಡಿದು ಜಗ್ಗಿದರೂ ಮಿಸುಕಲಿಲ್ಲ. ಕೊನೆಗೆ ನಾನೂ ಪಕ್ಕದಲ್ಲಿ ಕುಳಿತೆ. ನೋಟೀಸು ತಂದು ಓದು ಅಂದಳು. ಮೇಲಿನದನ್ನು ಓದತೊಡಗಿದರೆ ಬೈದಳು. "ದೊಡ್ಡ ಅಕ್ಷರದಾಗ ಅವರಿಗೆ ಬೇಕಾದ್ದಿರ್ತದ. ತೆಳಗ ಸಣ್ಣ ಅಕ್ಷರದಾಗ ಏನದ, ಅದನ್ನ ಓದು." ಕಣ್ಣು ಕಿರಿದು ಮಾಡಿ ಓದಿದೆ. ತಕರಾರು ಇದ್ದವರು ಮೂವತ್ತು ದಿನದೊಳಗೆ ಬರೆದು ಕೊಡಬೇಕು ಅಂತ ಇತ್ತು. ಹನ್ನೊಂದು ದಿನ ಆಗಲೇ ಹೋಗಿದ್ದವು.

ಆಮೇಲೆ ಕಾಕಿ ಮನೆ ಅಳೆದಳು. ಟೇಪು ಇಲ್ಲ, ದಾರ ಇಲ್ಲ. ಫರ್ಶಿ ಎಲ್ಲ ಒಂದೇ ಅಳತೆಯವು, ಎರಡಡಿಗೆ ಎರಡಡಿ. ಒಂದು ಫರ್ಶಿ ಅಂದರೆ ನಾಲ್ಕು ಚದರಡಿ. ಖಣಿಯಲ್ಲಿ ಇಡೀ ಆಯುಷ್ಯ ಅದನ್ನೇ ಎಣಿಸಿ ಲಾರಿ ತುಂಬಿದವಳು. ಬರಿಗಾಲಿನಲ್ಲಿ ಒಂದೊಂದು ಫರ್ಶಿಯ ಮೇಲೆ ಹೆಜ್ಜೆ ಇಡುತ್ತ ಹೋದಳು. ಅವಳ ಎಣಿಕೆ ಇಪ್ಪತ್ತರವರೆಗೆ ಮಾತ್ರ. ಇಪ್ಪತ್ತಾದಾಗ ನನ್ನ ಕೈಗೆ ಒಂದು ಹರಳು ಕೊಟ್ಟು ಮತ್ತೆ ಒಂದರಿಂದ ಸುರು. ಒಳಗಿನ ಎರಡು ಕೋಣೆಗೆ ಮೂರು ಹರಳು, ಮೇಲೆ ಆರು ಫರ್ಶಿ. ಅಂಗಳಕ್ಕೆ ನಾಲ್ಕು ಹರಳು, ಮೇಲೆ ಒಂದು. ಮನೆಗಿಂತ ಅಂಗಳವೇ ದೊಡ್ಡದು! ಎರಡೂ ಸೇರಿ ಬಂದ ನೂರಾ ನಲವತ್ತೇಳನ್ನು ನಾಲ್ಕು ಸಲ ಬರೆದು ಕೂಡಿಸಿದೆ. ನೋಟೀಸಿನಲ್ಲಿ 'ಕಟ್ಟಡ' ಅಂತ ಬರೆದ ಅಂಕಿ ಅದರ ಆಸುಪಾಸೇ ಇತ್ತು. ಅಳೆದವನು ಎಲ್ಲಿ ಎಡವಿದ್ದಾನೆ ಅನ್ನುವುದು ಆಗ ನನಗೆ ಕಣ್ಣಾರೆ ಕಂಡಿತು. ಅವನು ನೆಲ ನೋಡಿದ್ದ, ತಲೆ ಎತ್ತಿ ಮೇಲೆ ಮಾಳಿಗೆ ಇದೆಯೋ ಬರೀ ಆಕಾಶವೋ ನೋಡಿರಲಿಲ್ಲ.

ತಕರಾರು ನಾನೇ ಬರೆದೆ, ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. "ಮನೆಯೊಳಗೆ ಅರವತ್ತಾರು ಫರ್ಶಿ. ಅಂಗಳದಲ್ಲಿ ಎಂಬತ್ತೊಂದು. ಅಂಗಳಕ್ಕೆ ಮಾಳಿಗೆ ಇಲ್ಲ. ಬಂದು ನೋಡಬೇಕು." ಅಷ್ಟೇ. ಕಾಕಿ ಅದರಂಥದ್ದೇ ಇನ್ನೊಂದು ಪ್ರತಿ ಬರೆಸಿದಳು, ಅದು ನಮ್ಮ ಕಡೆ ಇರಲಿಕ್ಕೆ.

ಕಿಟಕಿಯವನು ಓದಿ ನಕ್ಕ. "ಯಾರ ಅಕ್ಷರ ಇದು? ಕಾಗಿ ಕಾಲು, ಗುಬ್ಬಿ ಕಾಲು."

ಕಾಕಿ ಕಿಟಕಿಯೊಳಗೆ ಮುಖ ತುರುಕಿದಳು. "ಓದಿದ್ಯೋ ಇಲ್ಲೋ? ಓದಲಿಕ್ಕ ಬಂತು ಅಂದ್ರ ಅಕ್ಷರ ಛಲೋ ಅವ. ಎರಡಕ್ಕೂ ಸಿಕ್ಕಾ ಹೊಡಿ."

ನಾಳೆ ಬರ್ರಿ ಅಂದ. ಕಾಕಿ ಅಲ್ಲೇ ನೆಲಕ್ಕೆ ಕುಳಿತು ಎಲೆ ಅಡಿಕೆ ತೆಗೆದಳು. ಊಟದ ಹೊತ್ತಿಗೆ ಎರಡೂ ಪ್ರತಿಗೆ ಕಚೇರಿಯ ಮುದ್ರೆ ಬಿತ್ತು.

ಹತ್ತು ದಿನದ ಮೇಲೆ ತೆರಿಗೆ ಕಚೇರಿಯ ಸಾಹೇಬರು ಬಂದರು, ಜೊತೆಗೆ ಆ ಕಿಟಕಿಯವನು. ಮಟಮಟ ಮಧ್ಯಾಹ್ನ. ಬೂಟಿನಲ್ಲಿ ಅಂಗಳಕ್ಕೆ ಕಾಲಿಡುವಷ್ಟರಲ್ಲಿ ಕಾಕಿ ಅಡ್ಡ ನಿಂತಳು.

"ಬೂಟು ಬಿಡ್ರಿ ಸಾಹೇಬ್ರ. ಮನಿ ಒಳಗ ಬೂಟು ಹಾಕ್ಕೊಂಡು ಬರ್ತೀರೇನು?"

"ಇದು ಅಂಗಳ ಅಲ್ಲೇನಮ್ಮ?"

"ನಿಮ್ಮ ಕಾಗದದಾಗ ಮನಿ ಅದರಿ."

ಸಾಹೇಬರು ಕಿಟಕಿಯವನ ಮುಖ ನೋಡಿದರು. ಅವನು ನೋಟೀಸಿನ ಕಡತ ನೋಡಿದ. ಪಾಪ, ಸಾಹೇಬರು ಮರ್ಯಾದೆಯವರು, ಬೂಟು ಬಿಟ್ಟರು. ಕಾದ ಫರ್ಶಿಗೆ ಅಂಗಾಲು ತಾಗಿದ್ದೇ ತಡ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಜಿಗಿಯತೊಡಗಿದರು. ಕಾಕಿ ಮೆಲ್ಲಗೆ ಕೇಳಿದಳು, "ಒಳಗ ನಿಂತೀರಿ, ಬಿಸಲು ಯಾಕ ಬಡೀಲಿಕತ್ತದರಿ?"

ನನಗೆ ನಗು ತಡೆಯಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡೆ. ಸಾಹೇಬರಿಗೂ ನಗು ಬಂತು. ಹೊಸ್ತಿಲ ನೆರಳಿಗೆ ಬಂದು ಕೆಂಪು ಪೆನ್ನು ತೆಗೆದು ಅಂಕಿ ಹೊಡೆದು ಹಾಕಿದರು, ಪಕ್ಕದಲ್ಲಿ 'ಖುಲ್ಲಾ ಜಾಗ' ಅಂತ ಬರೆದು ಸಹಿ ಮಾಡಿದರು. ಎಬ್ಬಿಸಿದ ಎರಡು ಫರ್ಶಿಯನ್ನು ಅದೇ ಸಂಜೆ ಮತ್ತೆ ಕೂಡಿಸಿದೆ.

ಹೊರಡುವಾಗ ಸಾಹೇಬರು ಕಾಕಿಯ ಮನೆ ಯಾವುದು ಅಂತ ಕೇಳಿದರು. ಅವಳು ಎದುರಿಗೆ ಬೆರಳು ಮಾಡಿದಳು. ಅವಳ ಅಂಗಳದಲ್ಲಿ ಫರ್ಶಿ ಇರಲಿಲ್ಲ, ಬರೀ ಮಣ್ಣು, ಕುಣಿ. ಹಿಂದಿನ ವರ್ಷ ಅಲ್ಲಿನ ಫರ್ಶಿ ಕಾಣೆಯಾದಾಗ ಹೊಟ್ಟೆಗಿಲ್ಲದೆ ಮಾರಿಕೊಂಡಿದ್ದಾಳೆ ಅಂದುಕೊಂಡು ನಾನು ಕೇಳಿರಲಿಲ್ಲ. ಕಾಕಿ ಕಿಟಕಿಯವನ ಕಡೆ ನೋಡುತ್ತ ಹೇಳಿದಳು, "ನಮ್ಮ ಓಣಿ ಆ ಕಡಿ ಸಾಲು ಹ್ವಾದ ವರ್ಷನೇ ಅಳದ್ರಿ. ಇವನೇ ಹೇಳ್ದ, ಕಿತ್ತು ಹಾಕು ಅಂತ. ಕಿತ್ತೀನಿ. ಫರ್ಶಿ ಹೋದ್ವು, ಕಾಗದದಾಗಿನ ಮನಿ ಸಣ್ಣದಾಗಲಿಲ್ಲ."

ಅವಳ ಮೂವತ್ತು ದಿನ ಯಾವಾಗಲೋ ಮುಗಿದಿತ್ತು. ಮುಂದಿನ ವರ್ಷ ಅರ್ಜಿ ಕೊಡ್ರಿ ಅಂದರು ಸಾಹೇಬರು. ಕೊಟ್ಟೆವು, ನಾನೇ ಬರೆದೆ. ಸಾಹೇಬರಿಗೆ ವರ್ಗ ಆಗಿತ್ತು, ಬೇರೆ ಯಾರೂ ನೋಡಲು ಬರಲಿಲ್ಲ. ಎರಡು ಸಲ ಹೋಗಿ ಕೇಳಿದೆವು. ಮೂರನೆಯ ಸಲ ಹೋಗುವಷ್ಟರಲ್ಲಿ ಕೆಮ್ಮು ಅವಳನ್ನು ಹಾಸಿಗೆಗೆ ಹಾಕಿತ್ತು. ಆ ಮಳೆಗಾಲ ದಾಟಲಿಲ್ಲ... ಕೊನೆಗೂ ಇಲ್ಲದ ಮನೆಯ ತೆರಿಗೆ ಕಟ್ಟುತ್ತಲೇ ಹೋದಳು.

ಮನೆ ಐನಾಪುರದ ಅವಳ ತಂಗಿಯ ಮಗನಿಗೆ ಹೋಯಿತು, ಅವನು ಮಾರಿದ. ಕೊಂಡವರು ಇದ್ದ ಜಾಗವನ್ನೆಲ್ಲ ಸೇರಿಸಿ ಕಾಂಕ್ರೀಟಿನ ಮನೆ ಕಟ್ಟಿದರು. ಅಂಗಳವಿದ್ದಲ್ಲಿ ಈಗ ಅವರ ಪಡಸಾಲೆ. ಆಗ ಸುಳ್ಳು ಬರೆದ ಅಳತೆ ಈಗ ಖರೆ ಆಗಿದೆ.

ಈ ವರ್ಷ ಮತ್ತೆ ಅಳೆದಿದ್ದಾರೆ, ಕಂಪ್ಯೂಟರಿನಲ್ಲಿ. ನೋಟೀಸು ಮೊನ್ನೆ ಸಂಜೆ ಬಂತು. ನನ್ನ ಅಂಗಳ ಮತ್ತೆ ಕಟ್ಟಡದಲ್ಲಿ ಸೇರಿದೆ. ಎದುರುಮನೆಯ ಮೇಲೆ ತಕರಾರು ಮಾಡಲು ಏನೂ ಉಳಿದಿಲ್ಲ. ನನ್ನದರ ಮೇಲೆ ಇನ್ನೂ ಇದೆ. ನಾಳೆ ಕಚೇರಿ ತೆರೆಯುವ ಹೊತ್ತಿಗೆ ಹೋಗುತ್ತೇನೆ, ಒಬ್ಬಳೇ.